ದಿ. ಎಂದರೆ ದಿನಾಂಕವೇ, ದಿವಂಗತರೇ? ಪುಟದ ಕೋಡಿನಲ್ಲಿ ಸಂಕ್ಷೇಪಗಳಿಗೆ ಗುರುತು ಹಾಕುವ ಬಗ್ಗೆ

ಕಲ್ಸಂಕ (ಉಡುಪಿ), ಶನಿವಾರ ರಾತ್ರಿ 9.40

ನಮ್ಮೂರಿನ ಯುವಕ ಮಂಡಲದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯನ್ನು ಜಾಲತಾಣಕ್ಕೆ ಏರಿಸುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹಳೆಯ ಪುಸ್ತಕ. ಅಚ್ಚು ಹಾಕಿದವರು ಜಾಗ ಉಳಿಸಿದ್ದೇ ಉಳಿಸಿದ್ದು. ಜಿ.ಪಂ., ತಾ.ಪಂ., ದ.ಕ., ಕೀ.ಶೇ., ಚಿ., ಸೌ. ಇಲ್ಲದ ಸಾಲೇ ಇಲ್ಲ. ಸಂಕ್ಷೇಪಕ್ಕೆ ಎಬಿಬಿಆರ್ (abbr) ಟ್ಯಾಗ್, ಅಂದರೆ ಕೋಡಿನ ಗುರುತು, ಹಾಕಬೇಕು, ಪೂರ್ಣರೂಪವನ್ನು ಅದರೊಳಗಿನ ಟೈಟಲ್ ಎಂಬ ಭಾಗದಲ್ಲಿ ಕೊಡಬೇಕು ಎಂದು ಎಲ್ಲೋ ಕಲಿತದ್ದು ನೆನಪಿತ್ತು. ಎರಡು ಭಾನುವಾರ ಕುಳಿತು ಒಂದನ್ನೂ ಬಿಡದೆ ಹಾಕಿದೆ. ಬ್ರೌಸರ್ ಪ್ರತಿಯೊಂದರ ಅಡಿಯಲ್ಲೂ ಚುಕ್ಕಿಗೆರೆ ಎಳೆದಿದೆ. ಈಗ ಪುಟದ ತುಂಬ ಇರುವೆ ಸಾಲು ಹೊರಟ ಹಾಗೆ ಕಾಣುತ್ತಿದೆ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ನಿನ್ನೆ ಮಂಡಲದ ಹಿರಿಯ ಸದಸ್ಯೆಯೊಬ್ಬರು ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ, ಮೊಬೈಲ್ ಓದಿ ಹೇಳಿದ್ದನ್ನು ಕೇಳುತ್ತಾರೆ. "ವಾರ್ಷಿಕೋತ್ಸವದ ಸಾಲಿನಲ್ಲಿ ದಿ ಎಂದಿತು. ನನ್ನ ಅಣ್ಣನ ಹೆಸರಿನ ಹಿಂದೆಯೂ ದಿ ಎಂದು ಹೇಳಿ ಒಂದು ಗಳಿಗೆ ನಿಂತುಬಿಟ್ಟಿತು. ಏನು ಮಗ ಅದು?" ಎಂದು ಕೇಳಿದರು. ಒಂದು ದಿನಾಂಕ, ಇನ್ನೊಂದು ದಿವಂಗತ. ಎರಡಕ್ಕೂ ಬೇರೆ ಬೇರೆ ಟೈಟಲ್ ಕೊಟ್ಟಿದ್ದೆ. ಒಂದೂ ಅವರ ಕಿವಿಗೆ ಮುಟ್ಟಿಲ್ಲ. ನಾನು ಎಡವಿದ್ದು ಎಲ್ಲಿ?

ಮಣ್ಣಪಳ್ಳ (ಮಣಿಪಾಲ), ರಾತ್ರಿ 9.58

ಎಬಿಬಿಆರ್ ಬದಲು ಆಕ್ರೊನಿಮ್ ಟ್ಯಾಗ್ ಹಾಕಿ ನೋಡಿದಿರಾ? ನಾನು ಓದಿದ ಪುಸ್ತಕದಲ್ಲಿ ಎರಡೂ ಇದ್ದವು. ಒಂದು ಕೈಕೊಟ್ಟರೆ ಇನ್ನೊಂದು.

ಬಂದರ್ ಓಣಿ (ಮಂಗಳೂರು), ರಾತ್ರಿ 10.20

ಮಣ್ಣಪಳ್ಳ ಅವರೇ, ಆ ಪುಸ್ತಕವನ್ನು ಗುಜರಿಗೆ ಹಾಕಿ. ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1997ರ ನಾಲ್ಕನೆಯ ಆವೃತ್ತಿಯಲ್ಲಿ ಎರಡೂ ಟ್ಯಾಗ್‌ಗಳು ಇದ್ದದ್ದು ನಿಜ. ಆದರೆ ಯಾವುದು ಎಲ್ಲಿಗೆ ಎನ್ನುವುದರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೂಡಿ ಬರಲೇ ಇಲ್ಲ. ಅದರ ಮೇಲೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಆಕ್ರೊನಿಮ್ ಅನ್ನು ಗುರುತಿಸುತ್ತಿತ್ತು, ಎಬಿಬಿಆರ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ಜನ ಅರ್ಥ ಬಿಟ್ಟು, ಕೆಲಸ ಮಾಡುವ ಟ್ಯಾಗ್ ಹಿಡಿದುಕೊಂಡರು. 2006ರಲ್ಲಿ ಬಂದ ಅದೇ ಬ್ರೌಸರಿನ ಏಳನೆಯ ಆವೃತ್ತಿಗೆ ಎಬಿಬಿಆರ್ ತಿಳಿಯಿತು. 2014ರಲ್ಲಿ ಎಚ್‌ಟಿಎಂಎಲ್ 5 ಅಧಿಕೃತವಾಗುವ ಹೊತ್ತಿಗೆ ಆಕ್ರೊನಿಮ್ ಬಳಕೆಯಿಂದ ಹೊರಗೆ. ಈಗ ಎಲ್ಲಕ್ಕೂ ಒಂದೇ, ಎಬಿಬಿಆರ್.

ಕಲ್ಸಂಕ ಅವರೇ, ಟ್ಯಾಗ್ ಸರಿಯಾಗಿಯೇ ಹಾಕಿದ್ದೀರಿ. ನಂಬಬಾರದ್ದು ಟೈಟಲ್ ಅನ್ನು. ಮೌಸ್ ಇಟ್ಟರೆ ಮಾತ್ರ ಅದು ಕಾಣುತ್ತದೆ. ಮೊಬೈಲಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ಕೀಲಿಮಣೆಯ ಟ್ಯಾಬ್ ಒತ್ತುತ್ತಾ ಹೋದರೂ ಎಬಿಬಿಆರ್ ಮೇಲೆ ಅದು ನಿಲ್ಲುವುದಿಲ್ಲ, ಏಕೆಂದರೆ ಅದು ಕೊಂಡಿಯೂ ಅಲ್ಲ, ಗುಂಡಿಯೂ ಅಲ್ಲ. ಇನ್ನು ಸ್ಕ್ರೀನ್ ರೀಡರ್‌ಗಳು, ಅಂದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು. ಪೂರ್ಣರೂಪ ಓದು ಎಂದು ಸೆಟ್ಟಿಂಗ್‌ನಲ್ಲಿ ಹೇಳುವ ಸೌಲಭ್ಯ ಕೆಲವದರಲ್ಲಿ ಇದೆ. ಹೇಳದಿದ್ದರೆ ಪರದೆಯ ಮೇಲಿರುವ ಅಕ್ಷರವನ್ನೇ ಓದಿ ಮುಂದೆ ಹೋಗುತ್ತವೆ. ಟೈಟಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಎಚ್‌ಟಿಎಂಎಲ್ ನಿಯಮಾವಳಿಯೇ ಎಚ್ಚರಿಸುತ್ತದೆ.

ಇನ್ನೊಂದು. ಪುಟದ ಮೊದಲ ಟ್ಯಾಗ್‌ನಲ್ಲಿ ಭಾಷೆ ಕನ್ನಡ ಎಂದು ಇದೆಯೇ ನೋಡಿ. ಯಾವ ಭಾಷೆಯಲ್ಲಿ ಓದಬೇಕೆಂದು ಸ್ಕ್ರೀನ್ ರೀಡರ್ ತಿಳಿಯುವುದು ಅದರಿಂದ. ಯಾರದ್ದೋ ಟೆಂಪ್ಲೇಟ್ ತಂದು ಶುರು ಮಾಡಿದ್ದರೆ ಇಂಗ್ಲಿಷ್ ಎಂದೇ ಉಳಿದಿರುತ್ತದೆ.

ಕಲ್ಸಂಕ, ರಾತ್ರಿ 10.31

ಇಂಗ್ಲಿಷ್ ಎಂದೇ ಇತ್ತು. ನಾಚಿಕೆಯಾಯಿತು. ಬದಲಿಸಿದೆ.

ಕಿವಿಯೋದುಗಿ (ಉಡುಪಿ), ಭಾನುವಾರ ಬೆಳಿಗ್ಗೆ 6.15

ಫೋನ್ ಮಾಡಿದ್ದು ನಾನಲ್ಲ, ಆದರೆ ಮಾಡಬಹುದಿತ್ತು. ನಾನೂ ಕಿವಿಯಲ್ಲೇ ಓದುವವಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವಳು ಬೇರೆ. ಐಎಫ್‌ಎಸ್‌ಸಿ, ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಇವೆಲ್ಲ ನನಗೆ ಕುಚ್ಚಲಕ್ಕಿ ಗಂಜಿಯಷ್ಟೇ ಪರಿಚಿತ. ಅವುಗಳ ಪೂರ್ಣರೂಪವನ್ನು ಪ್ರತಿ ಸಲ ಓದಿ ಹೇಳಿದರೆ ಫೋನನ್ನು ಬಾವಿಗೆ ಎಸೆದೇನು. ನನ್ನನ್ನು ಕಾಡುವುದು ನಮ್ಮ ಕನ್ನಡದ ಚುಕ್ಕಿ ಸಂಕ್ಷೇಪಗಳು.

ಮದುವೆ ಕಾಗದವನ್ನು ಈಗ ಎಲ್ಲರೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳುಹಿಸುತ್ತಾರೆ. ವರನ ಹೆಸರಿನ ಹಿಂದೆ "ಚಿ." ಇರುತ್ತದೆ. ನನ್ನ ಫೋನ್ ಅದನ್ನು "ಚಿ" ಎಂದು ಮೊಟಕಾಗಿ ಹೇಳಿ, ಚುಕ್ಕಿ ಕಂಡು ವಾಕ್ಯ ಮುಗಿಯಿತೆಂದು ಉಸಿರು ಬಿಟ್ಟು, ಆಮೇಲೆ ಹೆಸರು ಹೇಳುತ್ತದೆ. ಯಾರೋ ಮುಖ ಸಿಂಡರಿಸಿ ಛೀ ಎಂದು ಹುಡುಗನ ಹೆಸರು ಹಿಡಿದ ಹಾಗೆ. "ವೇ. ಮೂ." ಎಂದರೆ ಪುರೋಹಿತರು ಎಂದು ಊಹಿಸಲು ನನಗೆ ಎರಡು ಮದುವೆ ಬೇಕಾಯಿತು.

ಇನ್ನು ಡಾಕ್ಟರರ ಹೆಸರಿಗೆ ಚುಕ್ಕಿಯ ಬದಲು ಎರಡು ನಿಲುಗೆರೆ ಎಳೆಯುವ ಪದ್ಧತಿ ಇದೆಯಲ್ಲ, ಡಾ|| ಎಂದು? ಕಂಪ್ಯೂಟರಿನಲ್ಲಿ ನನ್ನ ಸ್ಕ್ರೀನ್ ರೀಡರ್ ಅದನ್ನು "ಡಾ ಬಾರ್ ಬಾರ್" ಎಂದು ಓದುತ್ತದೆ. ಎರಡು ಬಾರ್ ಹತ್ತಿ ಇಳಿದ ಮೇಲೆ ಡಾಕ್ಟರರು ಸಿಗುತ್ತಾರೆ.

ತಲಪಾಡಿ (ಮಂಗಳೂರು), ಬೆಳಿಗ್ಗೆ 7.02

ಅಕ್ಕ, ಬೆಳಿಗ್ಗೆಯೇ ನಗಿಸಿದಿರಿ.

ನಮ್ಮ ಗಡಿಯ ಕಷ್ಟ ಬೇರೆ. ಕಾಸರಗೋಡಿಗೆ ಹೋಗುವ ರಸ್ತೆಯಲ್ಲಿ ನಿಂತರೆ ಕರ್ನಾಟಕದ ಕೆಎಸ್‌ಆರ್‌ಟಿಸಿಯೂ ಬರುತ್ತದೆ, ಕೇರಳದ ಕೆಎಸ್‌ಆರ್‌ಟಿಸಿಯೂ ಬರುತ್ತದೆ. ಐದು ಅಕ್ಷರದ ಹಕ್ಕು ಯಾರಿಗೆ ಎಂದು ಎರಡು ರಾಜ್ಯಗಳು ಟ್ರೇಡ್‌ಮಾರ್ಕ್ ಕಚೇರಿ, ಕೋರ್ಟು ಎಂದು ಅಲೆದದ್ದು ನೆನಪಿದೆಯಲ್ಲ? ರಸ್ತೆಯಲ್ಲಿ ನಿಂತವನಿಗೆ ಬಸ್ಸಿನ ಬಣ್ಣ ಕಾಣುತ್ತದೆ. ಪುಟದಲ್ಲಿ ಬರೆದರೆ ಯಾವ ರಾಜ್ಯದ್ದು ಎಂದು ಬಿಡಿಸಿ ಹೇಳದೆ ದಾರಿಯಿಲ್ಲ. ಟೈಟಲ್‌ನೊಳಗೆ ಅಡಗಿಸಿಟ್ಟರೆ ಬಸ್ಸು ತಪ್ಪುತ್ತದೆ.

ಮಣ್ಣಪಳ್ಳ, ಬೆಳಿಗ್ಗೆ 9.10

ಸ್ಟೈಲ್‌ಶೀಟ್‌ನಲ್ಲಿ, ಅಂದರೆ ಪುಟ ಹೇಗೆ ಕಾಣಬೇಕೆಂದು ಹೇಳುವ ಕೋಡಿನಲ್ಲಿ, ಒಂದು ಉಪಾಯ ಉಂಟು. ಟೈಟಲ್‌ನಲ್ಲಿ ಇರುವುದನ್ನು ಸಂಕ್ಷೇಪದ ಪಕ್ಕದಲ್ಲೇ ಕಂಸದೊಳಗೆ ತಾನಾಗಿ ಮೂಡಿಸಬಹುದು. ಒಂದೇ ಸಾಲಿನ ಕೋಡ್. ಮೊಬೈಲ್, ಮೌಸ್ ಎಂಬ ರಗಳೆ ಇಲ್ಲ.

ಬಂದರ್ ಓಣಿ, ಬೆಳಿಗ್ಗೆ 9.45

ಕಾಗದಕ್ಕೆ ಮುದ್ರಿಸುವಾಗ ಅದು ಒಳ್ಳೆಯ ಉಪಾಯ, ನಾನೂ ಬಳಸುತ್ತೇನೆ. ಪರದೆಗೆ ಬೇಡ. ಹಾಗೆ ಮೂಡಿದ ಅಕ್ಷರ ಪುಟದ ಪಠ್ಯವೇ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿದರೆ ಬರುವುದಿಲ್ಲ. ಅದೂ ಅಲ್ಲದೆ ಕಲ್ಸಂಕ ಅವರ ಪುಟದಲ್ಲಿ "ಜಿ.ಪಂ." ನಲವತ್ತು ಸಲ ಬಂದಿದ್ದರೆ ನಲವತ್ತು ಸಲವೂ ಜಿಲ್ಲಾ ಪಂಚಾಯತ್ ಎಂಬ ಬಾಲ. ಕಿವಿಯೋದುಗಿ ಅವರು ಬಾವಿಯ ಕಡೆಗೇ ನಡೆಯುತ್ತಾರೆ.

ನಿಯಮ ಬೇಕೆಂದರೆ ಎಲ್ಲರಿಗೂ ಎಟುಕುವ ಜಾಲಪುಟಗಳಿಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿಯ 3.1.4 ನೋಡಿ. ಸಂಕ್ಷೇಪದ ಪೂರ್ಣರೂಪ ತಿಳಿಯಲು ಒಂದು ದಾರಿ ಇರಬೇಕು, ಅಷ್ಟೇ ಅದರ ಬೇಡಿಕೆ. ಮೊದಲ ಸಲ ಬಂದಾಗ ಪಕ್ಕದಲ್ಲೇ ಬರೆಯಬಹುದು, ಪದಪಟ್ಟಿಗೆ ಕೊಂಡಿ ಕೊಡಬಹುದು, ಎಬಿಬಿಆರ್ ಬಳಸಬಹುದು. ಅದು ಮೂರು ಎ ಮಟ್ಟದ ಬೇಡಿಕೆ, ಎಲ್ಲಕ್ಕಿಂತ ಮೇಲಿನದು. ನಮ್ಮ ಸರ್ಕಾರಿ ತಾಣಗಳ ಮಾರ್ಗಸೂಚಿಯೂ ಎರಡು ಎ ಮಟ್ಟಕ್ಕೆ ನಿಲ್ಲುತ್ತದೆ. ಅಂದರೆ ಕಡ್ಡಾಯವೇನಲ್ಲ.

ಕಿವಿಯೋದುಗಿ, ಬೆಳಿಗ್ಗೆ 10.05

ಕಡ್ಡಾಯವಲ್ಲ ಎಂದ ಮಾತ್ರಕ್ಕೆ ಫೋನ್ ಮಾಡಿದವರು ತಮ್ಮ ಅಣ್ಣ ಸತ್ತಿದ್ದಾನೋ ಅಥವಾ ಅದು ತಾರೀಖೋ ಎಂದು ತಿಳಿಯದೆ ಕುಳಿತಿರಬೇಕೇ?

ಬಂದರ್ ಓಣಿ, ಬೆಳಿಗ್ಗೆ 10.11

ಖಂಡಿತ ಇಲ್ಲ. ಮಾತು ಜಾರಿತು, ಕ್ಷಮಿಸಿ.

ಕರಡಚ್ಚು (ಮಂಗಳೂರು), ಮಧ್ಯಾಹ್ನ 2.30

ನನಗೆ ಟ್ಯಾಗ್ ತಿಳಿಯದು. ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಾ ಕಣ್ಣು ಸವೆಸಿದವ. ಮೊಳೆ ಜೋಡಿಸುವ ಕಾಲದಿಂದಲೂ ಇದ್ದೆ, ಕಂಪ್ಯೂಟರ್ ಬಂದ ಮೇಲೆಯೂ ಇದ್ದೆ. ನಿಮ್ಮ ಮಾತೆಲ್ಲ ಓದಿದೆ. ಒಂದು ಸಂಗತಿ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ಸಂಕ್ಷೇಪ ಎಂದು ನಾವು ಕರೆಯುವುದು ಎರಡು ಬೇರೆ ಜಾತಿಯ ವಸ್ತುಗಳನ್ನು. ಅವನ್ನು ಬೇರೆ ಮಾಡುವುದು ಪ್ರತ್ಯಯ. "ಗ್ರಾ.ಪಂ.ನಲ್ಲಿ ಸಭೆ" ಎಂದು ನಮ್ಮ ಕರಾವಳಿಯ ವರದಿಗಾರ ಬರೆಯುತ್ತಾನೆ. ಘಟ್ಟದ ಮೇಲಿನವನು ಅದನ್ನೇ "ಗ್ರಾ.ಪಂ.ಯಲ್ಲಿ ಸಭೆ" ಎಂದು ಬರೆಯುತ್ತಾನೆ. ಅಕ್ಷರಗಳು ಒಂದೇ, ಬಾಲ ಮಾತ್ರ ಬೇರೆ. ಏಕೆ? ನಮ್ಮವನ ತಲೆಯಲ್ಲಿ ಇರುವುದು ಪಂಚಾಯತ್, ಅವನ ತಲೆಯಲ್ಲಿ ಪಂಚಾಯಿತಿ. ಅಂದರೆ ಇಬ್ಬರೂ ಗಿಡ್ಡ ಬರೆದು ಉದ್ದ ಓದುತ್ತಿದ್ದಾರೆ. "ಕಿ.ಮೀ.ನಲ್ಲಿ" ಎನ್ನುವುದೂ ಹಾಗೆಯೇ. ಮೀ ಎಂಬ ಅಕ್ಷರಕ್ಕೆ ಯಲ್ಲಿ ಹತ್ತಬೇಕಿತ್ತು, ಹತ್ತಿದ್ದು ಮೀಟರಿನ ನಲ್ಲಿ. ಬಾಯಲ್ಲಿ "ಕಿಮೀ" ಎನ್ನುವವರನ್ನು ನಾನು ಕಂಡಿಲ್ಲ.

ಈಗ ಇನ್ನೊಂದು ಜಾತಿ. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜನ್ನೇ ತೆಗೆದುಕೊಳ್ಳಿ. "ಎನ್‌ಐಟಿಕೆಯಲ್ಲಿ ಓದಿದ." ಇಲ್ಲಿ ಯಲ್ಲಿ ಬಂದದ್ದು ಕೊನೆಯ ಕೆ ಅಕ್ಷರದಿಂದ. ಪೂರ್ಣರೂಪದ ಕೊನೆಗೆ ಇರುವುದು ಕರ್ನಾಟಕ, ಅದಕ್ಕೆ ದಲ್ಲಿ ಸೇರಬೇಕು. ಸುರತ್ಕಲ್‌ನಲ್ಲಿ ಬಸ್ ಇಳಿಯುವ ಯಾವ ಹುಡುಗನೂ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಎಂದು ಮನಸ್ಸಿನಲ್ಲಿ ಓದಿಕೊಳ್ಳುವುದಿಲ್ಲ. 2002ರ ವರೆಗೆ ಅದು ಕೆಆರ್‌ಇಸಿ ಆಗಿತ್ತು, ಆಗಲೂ ಹಾಗೆಯೇ. ಇದು ಗಿಡ್ಡ ಬರೆದು ಗಿಡ್ಡವೇ ಓದುವ ಜಾತಿ. ಮೆಸ್ಕಾಂ, ಕ್ಯಾಂಪ್ಕೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಬ್ದಗಳೇ ಆಗಿಬಿಟ್ಟಿವೆ. ಅಡಿಕೆ ಕೊಟ್ಟು ಬರುವ ನಮ್ಮ ಭಾವನಿಗೆ ಕ್ಯಾಂಪ್ಕೊದ ಪೂರ್ಣರೂಪ ಕೇಳಿ ನೋಡಿ. 1973ರಿಂದ ಇರುವ ಸಂಸ್ಥೆ, ಒಂದು ದಿನವೂ ಅವನಿಗೆ ಅದು ಬೇಕಾಗಿಲ್ಲ.

ಆದ್ದರಿಂದ ಕಲ್ಸಂಕ ಅವರಿಗೆ ನನ್ನ ಸಲಹೆ ಇದು. ಮೊದಲ ಜಾತಿಯವನ್ನು ಸುಮ್ಮನೆ ಬಿಡಿಸಿ ಬರೆದುಬಿಡಿ. ದಿವಂಗತ, ದಿನಾಂಕ, ಚಿರಂಜೀವಿ, ಗ್ರಾಮ ಪಂಚಾಯತ್, ಕಿಲೋಮೀಟರ್. ಆ ಚುಕ್ಕಿಗಳನ್ನು ಇಟ್ಟವರು ನಾವು. ಅಂಕಣದ ಅಗಲ ಸಾಲದು, ಮೊಳೆ ಸಾಲದು, ಶೀರ್ಷಿಕೆ ಎರಡೇ ಸಾಲಿನಲ್ಲಿ ಕೂರಬೇಕು. ನಿಮ್ಮ ಪುಟಕ್ಕೆ ಆ ಬಡತನ ಇಲ್ಲ. ಕಾಗದದ ದರಿದ್ರವನ್ನು ಪರದೆಗೂ ಹೊತ್ತು ತಂದು, ಅದರ ಮೇಲೆ ಒಂದು ಟ್ಯಾಗ್ ಅಂಟಿಸುವುದೇಕೆ?

ಬಂದರ್ ಓಣಿ, ಮಧ್ಯಾಹ್ನ 3.05

ಹಿರಿಯರೇ, ನೀವು ಟ್ಯಾಗ್ ತಿಳಿಯದು ಎಂದು ಹೇಳಿ ಎಚ್‌ಟಿಎಂಎಲ್ ನಿಯಮವನ್ನೇ ಹೇಳಿಬಿಟ್ಟಿರಿ. ಸಂಕ್ಷೇಪ ಬಹುವಚನದಲ್ಲಿದ್ದರೆ ಟೈಟಲ್ ಕೂಡ ಬಹುವಚನದಲ್ಲಿ ಇರಬೇಕು, ಬಹುವಚನದ ಅಕ್ಷರ ಟ್ಯಾಗ್‌ನ ಹೊರಗಿದ್ದರೆ ಟೈಟಲ್ ಏಕವಚನದಲ್ಲಿ ಇರಬೇಕು ಎಂದು ಅಲ್ಲಿದೆ. ಇಂಗ್ಲಿಷಿಗೆ ಒಂದು ಎಸ್ ಅಕ್ಷರದ ಚಿಂತೆ. ನಮಗೆ ಅನ್ನು, ಇಂದ, ಗೆ, ಅಲ್ಲಿ, ಊ, ಏ, ಓ ಎಲ್ಲವೂ ಬಂದು ಅಂಟಿಕೊಳ್ಳುತ್ತವೆ.

ನಾನು ಇದುವರೆಗೆ ಪ್ರತ್ಯಯವನ್ನು ಟ್ಯಾಗ್‌ನ ಹೊರಗೆ ಬಿಟ್ಟು, ಎನ್‌ಐಟಿಕೆಯ ಕೆ ಅಕ್ಷರಕ್ಕೇ ಟ್ಯಾಗ್ ಮುಗಿಸುತ್ತಿದ್ದೆ. ಟೈಟಲ್ ಓದುವಂತೆ ಸೆಟ್ಟಿಂಗ್ ಮಾಡಿಕೊಂಡವರಿಗೆ ಅದು "ಕರ್ನಾಟಕಯಲ್ಲಿ" ಎಂದೇ ಕೇಳಿಸುತ್ತಿದ್ದಿರಬೇಕು. ಪ್ರತ್ಯಯವನ್ನು ಒಳಗೆ ಸೇರಿಸಿ ಟೈಟಲ್‌ನಲ್ಲಿ "ಕರ್ನಾಟಕದಲ್ಲಿ" ಎಂದು ಕೊಟ್ಟರೆ ಕೇಳಲು ಸರಿ. ಆದರೆ ವಿಭಕ್ತಿ ಬದಲಾದಾಗಲೆಲ್ಲ ಹೊಸ ಟೈಟಲ್ ಬರೆಯಬೇಕು. ಟೈಟಲ್ ಇಲ್ಲದೆಯೂ ಎಬಿಬಿಆರ್ ಹಾಕಬಹುದು, ಅದು ತಪ್ಪಲ್ಲ. ಹಾಗಾಗಿ ಮೊದಲ ಸಲ ಬಂದಾಗ ಪಠ್ಯದಲ್ಲೇ ಬಿಡಿಸಿ ಹೇಳಿ, ಮುಂದೆ ಬರುವ ಕಡೆ ಬರಿಯ ಸಂಕ್ಷೇಪ ಇಡುವುದೇ ನೇರ ದಾರಿ.

ಮಣ್ಣಪಳ್ಳ, ಮಧ್ಯಾಹ್ನ 3.20

ಕೋಷ್ಟಕದ ಶೀರ್ಷಿಕೆಗೂ ಎಬಿಬಿಆರ್ ಹಾಕಬಹುದು ಎಂದು ಓದಿದ ನೆನಪು. ದಾನಿಗಳ ಪಟ್ಟಿಯ "ಕ್ರ.ಸಂ.", "ರೂ." ಇವಕ್ಕೆ?

ಬಂದರ್ ಓಣಿ, ಮಧ್ಯಾಹ್ನ 3.26

ಅದು ಹೆಸರು ಒಂದೇ ಆದ ಬೇರೆ ವ್ಯಕ್ತಿ. ಶೀರ್ಷಿಕೆ ಕೋಶದ ಟ್ಯಾಗ್‌ನ ಒಳಗೆ ಬರೆಯುವ ಗುಣ (ಆಟ್ರಿಬ್ಯೂಟ್) ಅದು, ಟ್ಯಾಗ್ ಅಲ್ಲ. ಕೆಲಸವೂ ತಿರುಗುಮುರುಗು. ಅಲ್ಲಿ ಕಣ್ಣಿಗೆ ಕಾಣುವುದು ಉದ್ದದ ಶೀರ್ಷಿಕೆ, ಈ ಗುಣದಲ್ಲಿ ಕೊಡುವುದು ಗಿಡ್ಡ ರೂಪ. ಪ್ರತಿ ಕೋಶಕ್ಕೂ ಉದ್ದದ ಶೀರ್ಷಿಕೆಯನ್ನೇ ಕೇಳಿಸಿಕೊಳ್ಳುವ ಸಂಕಟ ತಪ್ಪಲಿ ಎಂದು.

ಕಲ್ಸಂಕ, ಸಂಜೆ 5.50

ಕರಡಚ್ಚು ಅವರೇ, ನಿಮ್ಮ ಮಾತು ಕೇಳಿ ಕುಳಿತೆ. ಎರಡು ಭಾನುವಾರ ಹಾಕಿದ್ದನ್ನು ಒಂದೇ ಮಧ್ಯಾಹ್ನದಲ್ಲಿ ಕಿತ್ತೆ. ಇರುವೆ ಸಾಲು ಹೋಯಿತು. ಉಳಿದದ್ದು ಇಂಗ್ಲಿಷ್ ಅಕ್ಷರದ ಹೆಸರುಗಳು ಮಾತ್ರ.

ಕೀಳುವಾಗ ಒಂದು ಹೊಸ ತಲೆನೋವು. ಒಬ್ಬನೇ ಟೈಪ್ ಮಾಡಿದ ಪುಟದಲ್ಲಿ ಎಂ.ಆರ್.ಪಿ.ಎಲ್. ಉಂಟು, ಎಂಆರ್‌ಪಿಎಲ್ ಉಂಟು, ಎಂಆರ್ಪಿಎಲ್ ಕೂಡ ಉಂಟು. ಒಂದನ್ನು ಹುಡುಕಿದರೆ ಮತ್ತೆರಡು ಸಿಗುವುದಿಲ್ಲ. ಟೈಟಲ್‌ನಲ್ಲಿ ಪೂರ್ಣ ಹೆಸರು ಇದ್ದರೂ ಬ್ರೌಸರಿನ ಹುಡುಕಾಟ ಅದನ್ನು ಮುಟ್ಟುವುದೇ ಇಲ್ಲ.

ಬಂದರ್ ಓಣಿ, ಸಂಜೆ 6.15

ಮೂರನೆಯದರಲ್ಲಿ ರ್ ಮತ್ತು ಪಿ ಕೂಡಿಕೊಂಡು ಪಿ ಅಕ್ಷರದ ಬಲಕ್ಕೆ ಅರ್ಕಾವತ್ತು ಹತ್ತಿದೆ ನೋಡಿ. ಎರಡನೆಯದರಲ್ಲಿ ಅವೆರಡರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕುಳಿತಿದೆ, ಝೀರೋ ವಿಡ್ತ್ ನಾನ್ ಜಾಯ್ನರ್. ಅಗಲವಿಲ್ಲ, ಉಚ್ಚಾರವಿಲ್ಲ. "ನೀವಿಬ್ಬರೂ ಕೂಡಬೇಡಿ" ಎಂದು ಮಧ್ಯೆ ನಿಲ್ಲುವುದಷ್ಟೇ ಅದರ ಉದ್ಯೋಗ. ಕಣ್ಣಿಗೆ ಅದು ಕಾಣದು, ಹುಡುಕುವ ಯಂತ್ರಕ್ಕೆ ಕಾಣಬಹುದು.

ಚುಕ್ಕಿ ಬಿಟ್ಟು ಎರಡನೆಯ ರೂಪಕ್ಕೇ ಅಂಟಿಕೊಳ್ಳಿ. ಚುಕ್ಕಿ ಇದ್ದರೆ ಕಿವಿಯೋದುಗಿ ಅವರ ಫೋನ್ ನಾಲ್ಕು ಸಲ ಉಸಿರು ಬಿಡುತ್ತದೆ. "ಎಂಆರ್‌ಪಿಎಲ್‌ನಲ್ಲಿ" ಎಂದು ಬರೆಯುವಾಗ ಟ್ಯಾಗ್ ಮುಗಿಯುವ ಮೊದಲೇ, ಲ್ ಆದ ಕೂಡಲೇ, ಆ ಕಾಣದ ಅಕ್ಷರವನ್ನು ಹಾಕಿ. ಇಲ್ಲವಾದರೆ ಲ್ ಒಳಗೆ, ನ ಹೊರಗೆ ಉಳಿದು ಒತ್ತಕ್ಷರಕ್ಕೆ ಮನೆ ಪಾಲಾದ ಸ್ಥಿತಿ.

ತಲಪಾಡಿ, ಸಂಜೆ 6.40

ನನ್ನ ಮೊಬೈಲಿನ ಕೀಲಿಮಣೆಯಲ್ಲಿ ಆ ಅಕ್ಷರ ಎಲ್ಲಿದೆ ಎಂದು ಹತ್ತು ನಿಮಿಷದಿಂದ ಹುಡುಕುತ್ತಿದ್ದೇನೆ. ಕಾಣದ್ದನ್ನು ಹುಡುಕುವುದು ಹೇಗೆ ಎಂದು ಯಾರಾದರೂ ಹೇಳಿ.

ಕಲ್ಸಂಕ, ರಾತ್ರಿ 8.30

ಕೊನೆಯದೊಂದು ಉಳಿದಿದೆ. ಸಂಚಿಕೆಯಲ್ಲಿ ಮಂಡಲದ ಜಾಗದ ಹಳೆಯ ಪತ್ರವೊಂದರ ನಕಲು ಇದೆ, 1940ರ ದಶಕದ್ದು. ವಿಳಾಸದಲ್ಲಿ ಯಜಮಾನರ ಹೆಸರಿನ ಹಿಂದೆ "ಮ|| ರಾ|| ರಾ|| ಶ್ರೀ" ಎಂದಿದೆ. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಕರಡಚ್ಚು, ರಾತ್ರಿ 9.00

ಮಹಾರಾಜರಾಜಶ್ರೀ. ನಮ್ಮ ಜಿಲ್ಲೆ 1956ರ ವರೆಗೆ ಮದ್ರಾಸಿಗೆ ಸೇರಿತ್ತಲ್ಲ, ಅಲ್ಲಿನ ಕಾಗದಪತ್ರಗಳ ಗೌರವದ ಒಕ್ಕಣೆ ಅದು. ಅರಸೊತ್ತಿಗೆಯೇನೂ ಬೇಕಿಲ್ಲ, ಗುಮಾಸ್ತರಿಗೂ ಬರೆಯುತ್ತಿದ್ದರು.

ಇದನ್ನು ಮಾತ್ರ ಬಿಡಿಸಿ ಬರೆಯಬೇಡಿ. ಸ್ಮರಣ ಸಂಚಿಕೆ ನಿಮ್ಮದು, ತಿದ್ದಬಹುದು. ಪತ್ರ ಇನ್ನೊಬ್ಬರದು. ಅದರಲ್ಲಿ ಇದ್ದದ್ದು ಇದ್ದ ಹಾಗೆಯೇ ಇರಬೇಕು. ನಮ್ಮ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದರೆ ಆರಂಭದಲ್ಲೇ ಸಂಕ್ಷೇಪಗಳ ಪಟ್ಟಿ ಸಿಗುತ್ತದೆ. ಪದದ ಎದುರು ಒಂದು ಗಿಡ್ಡ ಗುರುತು, ತಿಳಿಯದಿದ್ದರೆ ಒಂದು ಬೆರಳನ್ನು ಆ ಪುಟದಲ್ಲಿ ಸಿಕ್ಕಿಸಿಕೊಂಡು ಆರಂಭಕ್ಕೆ ಹೊರಳಿ ನೋಡಿಕೊಳ್ಳಬೇಕು. ನೀವೂ ಪತ್ರದ ಕೆಳಗೆ ಒಂದು ಸಾಲು ಬರೆದು ಅಲ್ಲಿಗೆ ಕೊಂಡಿ ಕೊಡಿ.

ಬಂದರ್ ಓಣಿ, ರಾತ್ರಿ 9.12

ಎಬಿಬಿಆರ್ ಟ್ಯಾಗ್‌ಗೆ ನಿಜವಾದ ಜಾಗ ಸಿಕ್ಕಿದ್ದು ಇಲ್ಲಿ. ಮೂಲವನ್ನು ಮುಟ್ಟುವಂತಿಲ್ಲ, ಓದುಗರಿಗೆ ಅರ್ಥವೂ ಆಗಬೇಕು. ಟ್ಯಾಗ್ ಹಾಕಿ, ಕೆಳಗೆ ಆ ಸಾಲನ್ನೂ ಬರೆಯಿರಿ.

ಕಲ್ಸಂಕ, ರಾತ್ರಿ 10.45

ಮಾಡಿದೆ. ಮೊನ್ನೆ ಫೋನ್ ಮಾಡಿದವರಿಗೂ ತಿಳಿಸಿದ್ದೇನೆ, ನಾಳೆ ಕೇಳುತ್ತಾರಂತೆ. ಕಿವಿಯೋದುಗಿ ಅಕ್ಕ, ಪುಟದ ಕೊಂಡಿಯನ್ನು ನಿಮಗೆ ಖಾಸಗಿ ಸಂದೇಶದಲ್ಲಿ ಕಳುಹಿಸಿದ್ದೇನೆ. ಒಮ್ಮೆ ಕೇಳಿ ನೋಡುವಿರಾ?

ಕಿವಿಯೋದುಗಿ, ಸೋಮವಾರ ಬೆಳಿಗ್ಗೆ 6.20

ಪೂರ್ತಿ ಕೇಳಿದೆ. ದಿವಂಗತರು ದಿವಂಗತರಾಗಿಯೇ, ದಿನಾಂಕ ದಿನಾಂಕವಾಗಿಯೇ ಕೇಳಿಸಿತು. ಮಹಾರಾಜರಾಜಶ್ರೀಯವರೂ ಸಿಕ್ಕಿದರು, ಆದರೆ ಮೂರು ಜೊತೆ ಬಾರ್ ದಾಟಿದ ಮೇಲೆ. ಅದು ಪತ್ರದ ಹಕ್ಕು, ಇರಲಿ. ವೈದ್ಯಕೀಯ ಶಿಬಿರದ ವರದಿಯ ಕೊನೆಯ ಸಾಲಿನಲ್ಲಿ ಮಾತ್ರ ಒಬ್ಬ "ಡಾ ಬಾರ್ ಬಾರ್" ಇನ್ನೂ ಉಳಿದಿದ್ದಾರೆ.

ಕಲ್ಸಂಕ, ಬೆಳಿಗ್ಗೆ 7.05

ಚಹಾ ಕುಡಿದು ಬಂದು ಅವರನ್ನು ಹೊರಗೆ ಕರೆತರುತ್ತೇನೆ.